ವಿಶ್ರಾಂತಿ ಮುಗಿಯುವ ತಾರೀಖಿಲ್ಲದ ಚೀಟಿ

ಆಸ್ಪತ್ರೆಯ ಮಾನ್ಯ ವೈದ್ಯಾಧಿಕಾರಿಗಳೇ,

ನಮ್ಮ ಅತ್ತೆ ಗುರುಸಿದ್ದಮ್ಮನವರ ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ನೀವು ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರು ಪದ: ಕಂಪ್ಲೀಟ್ ಬೆಡ್ ರೆಸ್ಟ್. ಎಲ್ಲಿಯವರೆಗೆ ಎಂದು ಬರೆದಿರಲಿಲ್ಲ. ಐದು ತಿಂಗಳು ಪಾಲಿಸಿದೆವು. ಮೂಳೆ ಕೂಡಿತು, ಕಾಲು ಕರಗಿತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಆದ್ದರಿಂದ ಆ ಆಜ್ಞೆಯನ್ನು ಜಾರಿಗೆ ತಂದವಳೂ ನಾನೇ.

ಹಿತ್ತಿಲಲ್ಲಿ ಹಸಿ ತೆಂಗಿನ ಮಟ್ಟೆಯ ಮೇಲೆ ಜಾರಿ ಬೀಳುವ ತನಕ ದಿನಾ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, ನೀರು ಬತ್ತಿ ಕೊಬ್ಬರಿಯಾಯಿತೇ ಎಂದು ಹೇಳುತ್ತಿದ್ದವರು ಅತ್ತೆ. ಅಂಥವರ ಪಾದ ನೆಲಕ್ಕೆ ತಾಗದಂತೆ ಕಾದೆವು. ನೋಡಲು ಬಂದವರೆಲ್ಲ ಗೌರವಕ್ಕೆಂದು ರಟ್ಟೆ ಹಿಡಿದು ಎತ್ತಿದರು. ಹಿರಿಯರನ್ನು ತಾವಾಗಿ ಏಳಲು ಬಿಟ್ಟರೆ ಸೊಸೆಯ ಮರ್ಯಾದೆ ಉಳಿಯುತ್ತದೆಯೇ? ಎಂಟು ತಿಂಗಳ ಕೂಸನ್ನೊಮ್ಮೆ, ಅತ್ತೆಯನ್ನೊಮ್ಮೆ ಎತ್ತುತ್ತಾ ನಾನು ನಿದ್ದೆ ಕಂಡು ಬಹಳ ದಿನವಾಯಿತು.

ಅವರು ಏಳಲಾರರು ಎಂದು ಮತ್ತೆ ನಿಮ್ಮಲ್ಲಿಗೆ ಬಂದಾಗ, “ವಯಸ್ಸಾಯ್ತಲ್ಲಮ್ಮ, ಇನ್ನೇನು ಓಟಕ್ಕೆ ಕಳಿಸ್ತೀರಾ?” ಎಂದಿರಿ. ತಮಾಷೆ ಚೆನ್ನಾಗಿತ್ತು. ನಗಲು ನನಗೆ ತ್ರಾಣವಿರಲಿಲ್ಲ.

ಅಂದೇ ಕೂಸಿಗೆ ಚುಚ್ಚುಮದ್ದು ಹಾಕಿದ ನಿಮ್ಮ ನರ್ಸಮ್ಮ ನನ್ನ ಮುಖ ನೋಡಿ ಸಂಗತಿ ಕೇಳಿದರು. “ಮಲಗಿಸಿದಷ್ಟೂ ಕಾಲು ಸೋಲ್ತವೆ ಕಣಮ್ಮ. ಮೂಳೆ ಕೂಡೈತಲ್ಲ, ಕುರ್ಚಿ ಹಿಡ್ಕೊಂಡು ಕೂತು ಎದ್ದು ಮಾಡ್ಸು. ಪಕ್ಕದಲ್ಲಿ ನಿಂತ್ಕೊ, ಎತ್ತಬೇಡ” ಎಂದರು. ನಿಮ್ಮ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಆ ಮಾತು ಗೋಡೆ ದಾಟಿ ನಿಮ್ಮ ಚೀಟಿಗೆ ಬರಲು ಯಾರ ಅಪ್ಪಣೆ ಬೇಕಿತ್ತು?

ಈಗ ಗೋಡೆಗೊತ್ತಿದ ಕುರ್ಚಿಯಲ್ಲಿ ಅತ್ತೆ ಕೂತು ಏಳುತ್ತಾರೆ. ಬಟ್ಟೆ ಚೀಲದಲ್ಲಿ ಭಾರಕ್ಕೆಂದು ಒಂದು ಕೊಬ್ಬರಿ ಗಿಟುಕು ಹಾಕಿ ಕಣಕಾಲಿಗೆ ಕಟ್ಟಿ ಕಾಲು ಚಾಚಿಸುತ್ತೇನೆ. ಕಳೆದ ವಾರದಿಂದ ಎರಡು. ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಬಾಗಿಲಲ್ಲೇ ನಿಂತು, “ಬಿ.ಎ. ಸೊಸೆ ಅತ್ತೆಗೆ ಡ್ರಿಲ್ ಮಾಡಿಸ್ತಾವ್ಳೆ” ಎಂದರು. ಅತ್ತೆ ಕಾಲು ಇಳಿಸದೆಯೇ, “ಮಾಡಿಸ್ಲಿ ಬುಡೇ. ಬಚ್ಚಲಿಗಾದ್ರೂ ನಾನೇ ಎದ್ದೋಗ್ಬೇಕು” ಎಂದರು.

ಇನ್ನೂ ಹೋಗಿಲ್ಲ. ನಿನ್ನೆ ಆರು ಸಲ ಎದ್ದರು; ಏಳನೆಯದಕ್ಕೆ ಮೊಣಕಾಲು ನಡುಗಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. “ಮುಟ್ಬೇಡ” ಎಂದರು. ಎದ್ದರು.

ನಾನು ಕೇಳುವುದು ಇಷ್ಟೇ: ವಿಶ್ರಾಂತಿ ಎಂದು ಬರೆದ ಕಡೆ ಅದು ಮುಗಿಯುವ ತಾರೀಖನ್ನೂ, ಮರುದಿನದಿಂದ ಕಾಲು ಮಾಡಬೇಕಾದ ಕೆಲಸವನ್ನೂ ಬರೆಯಿರಿ. ಪುರುಸೊತ್ತಿಲ್ಲದಿದ್ದರೆ ಆ ನರ್ಸಮ್ಮನಿಗೆ ಪೆನ್ನು ಕೊಡಿ.

ಇಂತಿ,
ನಿಮ್ಮ ಚೀಟಿಯನ್ನು ಅಗತ್ಯಕ್ಕಿಂತ ಹೆಚ್ಚು ನಂಬಿದ
ಸರ್ವಮಂಗಳ
ನೊಣವಿನಕೆರೆ, ಆಗಸ್ಟ್ ೧೯೮೩