ಅಮ್ಮಿ ಕೇಳುವ ಮೊದಲು

ವಿದ್ಯಾನಗರ, ಶಿವಮೊಗ್ಗ
18 ಜನವರಿ 2026, ಭಾನುವಾರ

ಪ್ರೀತಿಯ ತಂಗಿ ಅತ್ತೂ,

ಅಸ್ಸಲಾಮು ಅಲೈಕುಂ. ಹೇಗಿದ್ದೀಯ? ಊಟ ಸೇರುತ್ತಿದೆಯಾ, ಕಾಲು ಊದಿಕೊಳ್ಳುತ್ತಿಲ್ಲ ತಾನೇ? ಬಿಪಿ ಮಾತ್ರೆ ನಿಲ್ಲಿಸಬೇಡ, ಆದರೆ ಹಳೆಯದನ್ನೇ ನುಂಗುತ್ತಲೂ ಇರಬೇಡ, ಡಾಕ್ಟರನ್ನು ಕೇಳಿ ಬದಲಿಸಿಕೋ. ನಿನ್ನ ಜಮ್ಶೀದ್ ಬ್ಯಾಟರಿ ಅಂಗಡಿಯಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನಾ? ಮಕ್ಕಳಿಬ್ಬರಿಗೂ ಈ ಖಾಲಾ ಕೇಳಿದಳೆಂದು ಹೇಳು. ಫೋನ್ ಮಾಡಿದರೆ ಎರಡು ಮಾತಿಗೇ ಮುಗಿಸುವ ಅಕ್ಕ ಬಳ್ಳಾರಿಗೆ ಕಾಗದ ಬರೆದು ಇಷ್ಟೆಲ್ಲ ವಿಚಾರಿಸುತ್ತಿದ್ದಾಳಲ್ಲ ಎಂದು ನಿನಗೆ ಅನುಮಾನ ಬಂದಿರಬಹುದು. ಬರಲಿ. ನಿನ್ನ ಮದುವೆಯಾಗಿ ಹದಿನೆಂಟು ವರ್ಷ, ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮನೆಯಲ್ಲಿ ನಾವು ಆಡುವ ಮಾತನ್ನು ಬರೆಯಲು ಇಬ್ಬರಿಗೂ ಬರುವುದಿಲ್ಲ, ನನ್ನ ಇಂಗ್ಲಿಷ್ ಕಂಡರೆ ನಿನಗೆ ಆಗುವುದಿಲ್ಲ. ಹಾಗಾಗಿ ನಿನ್ನ ಶಾಲೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡ.

ಶಾಲೆಯಿಂದಲೇ ಶುರುಮಾಡುತ್ತೇನೆ, ಬೇರೆ ಎಲ್ಲಿಂದ ಶುರುಮಾಡಬೇಕೋ ಗೊತ್ತಾಗುತ್ತಿಲ್ಲ. ಅಬ್ಬಾ ನನ್ನನ್ನು ಬಸ್ಸು ಹತ್ತಿಸಿ ಇಂಗ್ಲಿಷ್ ಮೀಡಿಯಂಗೆ ಕಳಿಸಿದರು. ನೀನು ಶಾಲೆ ಸೇರುವ ಹೊತ್ತಿಗೆ ಅವರ ಗ್ಯಾರೇಜು ಸೋತಿತ್ತು, ನಿನ್ನನ್ನು ಪಕ್ಕದ ಬೀದಿಯ ಸರ್ಕಾರಿ ಶಾಲೆಗೆ ಹಾಕಿದರು. ಆಪಾಳಿಗೆ ಒಳ್ಳೆಯದೆಲ್ಲ ಸಿಕ್ಕಿತು ಎಂದು ನೀನು ಎಷ್ಟೋ ಸಲ ಹೇಳಿದ್ದೀಯ. ನಾನು ಮಧ್ಯಾಹ್ನ ತಣ್ಣಗಾದ ಡಬ್ಬಿ ಬಿಚ್ಚುವಾಗ ನೀನು ಮನೆಗೆ ಓಡಿಬಂದು ಅಮ್ಮಿಯ ತಟ್ಟೆಯಲ್ಲೇ ತಿನ್ನುತ್ತಿದ್ದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂಗ್ಲಿಷ್ ಓದಿದ ತಪ್ಪಿಗೆ ನಾನು ನಮ್ಮ ಮನೆಯ ಆಫೀಸಾದೆ. ಅಮ್ಮಿಯ ಬ್ಯಾಂಕು, ಆಧಾರು, ಗ್ಯಾಸು, ಚಿಕ್ಕಪ್ಪನ ಪಿಂಚಣಿ, ನಿಮ್ಮ ಹಳೆಯ ರೇಷನ್ ಕಾರ್ಡು ಎಲ್ಲದಕ್ಕೂ ಕೊಟ್ಟಿರುವುದು ನನ್ನ ನಂಬರ್. ಹಾಗಾಗಿ ಅಮ್ಮಿಯ ಫೋನ್ ನನಗೆ ಬರುವುದು ಹೀಗೆ: "ಬಂತಾ? ಬೇಗ ಹೇಳು, ಗ್ಯಾಸಿನವನು ಬಾಗಿಲಲ್ಲಿ ನಿಂತಿದಾನೆ." ನಾನು ಓಟಿಪಿಯ ಅಂಕಿಗಳನ್ನು ಹೇಳುತ್ತೇನೆ. "ಹೌ, ಹೌ, ಇಡ್ತೀನಿ." ಮುಗಿಯಿತು. ಹೇಗಿದ್ದೀಯ ಎಂದು ಕೇಳಲು ಅವಳಿಗೆ ಪುರುಸೊತ್ತು ಸಿಗುವಷ್ಟರಲ್ಲಿ ಗ್ಯಾಸಿನವನು ಗಾಡಿ ಹತ್ತಿರುತ್ತಾನೆ.

ಹೋದ ರಂಜಾನಿಗೆ ಅಮ್ಮಿಗೆ ಹೊಸ ಫೋನು ಕೊಡಿಸಿದ್ದು ನೆನಪಿದೆಯಲ್ಲ. ಅದಾದ ಸ್ವಲ್ಪ ದಿನಕ್ಕೆ ಭದ್ರಾವತಿಯ ಅವಳ ಬೀದಿಯಲ್ಲಿ ಯಾರಿಗೋ ವಾಟ್ಸಾಪಿನಲ್ಲಿ ಮದುವೆ ಕಾಗದವೊಂದು ಬಂದು, ಅವರು ಅದನ್ನು ಒತ್ತಿ, ಫೋನಿನಲ್ಲಿದ್ದದ್ದೆಲ್ಲ ಕಳ್ಳರ ಕೈಗೆ ಹೋಯಿತು. ಅಮ್ಮಿಗಂತೂ ಮದುವೆ ಕಾಗದ ಯಾರದ್ದೇ ಆಗಲಿ ಬಿಚ್ಚಿ ನೋಡಬೇಕು. ಆ ಭಾನುವಾರ ನಾನು ಹೋಗಿ ಅವಳ ವಾಟ್ಸಾಪನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅವಳಿಗೆ ಬಂದದ್ದು ನನಗೂ ಕಾಣುತ್ತದೆ, ಅನುಮಾನದ ಫೈಲು ಬಂದರೆ ಅಳಿಸಿಬಿಡಬಹುದು ಎಂಬುದು ನನ್ನ ಯೋಚನೆ. ಅವಳು ಪುದೀನಾ ಸೋಸುತ್ತಿದ್ದಳು. "ಬೆರಳು ಇಡು" ಎಂದೆ, ಒದ್ದೆ ಕೈ ಒರೆಸಿಕೊಂಡು ಇಟ್ಟಳು. "ಏನು ಮಾಡ್ತಿದೀಯೋ ಮಾಡಮ್ಮಾ, ನಂಗೇನು ಗೊತ್ತಾಗುತ್ತೆ" ಎಂದಳು. ಒಪ್ಪಿಗೆ ಎಂದರೆ ಗುಂಡಿ ಒತ್ತುವುದಲ್ಲ, ಏನು ಕೇಳುತ್ತಿದ್ದಾರೆಂದು ತಿಳಿದು ಹ್ಞೂಂ ಅನ್ನುವುದು ಎಂದು ನಾನು ಕಾಲೇಜಿನಲ್ಲಿ ಪ್ರತಿವರ್ಷ ಪಾಠ ಮಾಡುತ್ತೇನೆ, ಅತ್ತೂ. ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆಯುತ್ತೇನೆ. ಅಮ್ಮಿ ಓದಲಾರದವಳು, ಆದರೂ ನಮಾಜಿಗೆ ನಿಲ್ಲುವ ಮುಂಚೆ ಫೋನನ್ನು ಬಟ್ಟೆ ಮುಚ್ಚಿ ಮಗುಚುತ್ತಾಳೆ, "ಇದಕ್ಕೆ ಕಣ್ಣಿದೆ" ಎಂದು. ಆ ಕಣ್ಣು ನನ್ನದೆಂದು ಅವಳಿಗೆ ಗೊತ್ತಿರಲಿಲ್ಲ.

ಮೊದಲ ತಿಂಗಳು ಫೈಲುಗಳನ್ನು ಮಾತ್ರ ನೋಡಿದೆ. ಇದನ್ನು ನೀನು ನಂಬಬೇಕು ಎಂದೇನಿಲ್ಲ. ಆಮೇಲೆ ನಿನ್ನ ಹೆಸರಿನ ಮುಂದೆ ಅಮ್ಮಿ ಕಳಿಸಿದ ಧ್ವನಿ ಸಂದೇಶಗಳು ಕಂಡವು. ಏಳು ನಿಮಿಷ, ಒಂಬತ್ತು ನಿಮಿಷ, ಒಂದು ಹದಿಮೂರು ನಿಮಿಷದ್ದು. ನನಗೆ ಅವಳು ಕಳಿಸಿದ ಅತಿ ಉದ್ದದ ಸಂದೇಶ ಹನ್ನೊಂದು ಸೆಕೆಂಡಿನದು, ಅದರಲ್ಲೂ ಅರ್ಧ ಕುಕ್ಕರಿನ ಸೀಟಿ. ಹದಿಮೂರು ನಿಮಿಷ ಈ ಹೆಂಗಸು ಏನು ಮಾತಾಡುತ್ತಾಳೆ ಎಂದು ನೋಡೋಣ ಅನ್ನಿಸಿತು. ಕೇಳಿದೆ. ಏನೂ ಇರಲಿಲ್ಲ. ಬೆಕ್ಕು ಮರಿ ಹಾಕಿದ್ದು, ಪಕ್ಕದ ಮನೆಯ ಸೊಸೆ ಬಟ್ಟೆ ಹಿಂಡುವ ರೀತಿ, ಅಬ್ಬಾ ಕನಸಿನಲ್ಲಿ ಬಂದು ಚಹಾ ಕೇಳಿದ್ದು. ಅಬ್ಬಾ ಕನಸಿನಲ್ಲಿ ಬಂದದ್ದನ್ನು ಅವಳು ನನಗೆ ಹೇಳಿರಲಿಲ್ಲ. ಆವತ್ತು ನನ್ನ ಹೊಟ್ಟೆಯೊಳಗೆ ಹೊತ್ತಿಕೊಂಡದ್ದಕ್ಕೆ ನಾನು ಬೇರೆ ಹೆಸರು ಹುಡುಕಿದೆ. ಕಾಳಜಿ ಎಂದುಕೊಂಡೆ, ಕುತೂಹಲ ಎಂದುಕೊಂಡೆ. ಅದು ಹೊಟ್ಟೆಕಿಚ್ಚು. ನಲವತ್ತನಾಲ್ಕು ವರ್ಷದ ಹೆಂಗಸು ಬೆಕ್ಕಿನ ಮರಿಗಳ ಸುದ್ದಿಗಾಗಿ ತಂಗಿಯ ಮೇಲೆ ಉರಿದುಕೊಂಡಳು.

ದಿನಾ ಕೇಳತೊಡಗಿದೆ. ನಿನ್ನವು, ಅವಳವು, ಎರಡೂ. ಬಹಳ ಜಾಗ್ರತೆಯಿಂದ ಕೇಳುತ್ತಿದ್ದೆ. ಧ್ವನಿ ಸಂದೇಶವನ್ನು ಕೇಳಿದ ಮೇಲೆ ಪಕ್ಕದ ಮೈಕಿನ ಗುರುತು ನೀಲಿಯಾಗುತ್ತದಲ್ಲ, ಅಮ್ಮಿಗೆ ಅದನ್ನು ಕಲಿಸಿದವಳೇ ನಾನು. "ನೀಲಿ ಆಗಿದ್ರೆ ಕೇಳಿ ಆಗಿದೆ ಅಂತ, ಆಗದೇ ಇರೋದನ್ನ ಮಾತ್ರ ಒತ್ತು" ಎಂದು ಹೇಳಿಕೊಟ್ಟಿದ್ದೆ. ಅಕ್ಷರ ಬಾರದವಳಿಗೆ ಬಣ್ಣ ಸಾಕಿತ್ತು. ನಿನ್ನ ಸಂದೇಶ ಬಂದರೆ ಅಮ್ಮಿ ಕೇಳಿ ನೀಲಿಯಾಗುವವರೆಗೆ ಕಾಯುತ್ತಿದ್ದೆ, ಆಮೇಲೆ ನಾನು ಕೇಳುತ್ತಿದ್ದೆ. ಇಂಥ ಜಾಗ್ರತೆ ಬೇಕಾಗುವುದು ಯಾರಿಗೆ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಹಾಗಾಗಿ ಡಿಸೆಂಬರಿನಲ್ಲಿ ನೀನು ಅಮ್ಮಿಗೆ ಹೇಳಿದ್ದು ನನಗೆ ಗೊತ್ತು. ಮುಬಾರಕ್, ಅತ್ತೂ. ಈ ಒಂದು ಮಾತನ್ನು ಬರೆಯಲು ಎರಡು ಹಾಳೆ ಹರಿದೆ. ಮಗಳು ಎಸ್ಸೆಸ್ಸೆಲ್ಸಿ ಓದುವ ಹೊತ್ತಿಗೆ, ಮೂವತ್ತೊಂಬತ್ತರಲ್ಲಿ, ಬೇಡದೆಯೇ ನಿನಗೆ ಮೂರನೆಯ ಬಸಿರು. ನನಗೆ ಹನ್ನೊಂದು ವರ್ಷ ಮಣಿಪಾಲದ ಬಸ್ಸು, ಸೂಜಿ, ಕೊನೆಗೆ ಡಾಕ್ಟರರ "ಇನ್ನು ಸಾಕು". "ನಾಚಿಕೆ ಆಗ್ತದೆ ಅಮ್ಮಿ, ಮಗಳಿಗೆ ಏನಂತ ಹೇಳಲಿ" ಎಂದು ನೀನು ಅತ್ತೆ. ನಾನೂ ಅತ್ತೆ, ನಿನಗಾಗಿ ಅಲ್ಲ. ಆದರೆ ನನ್ನನ್ನು ಸುಟ್ಟದ್ದು ಅದಲ್ಲ, ಆಮೇಲೆ ಅಮ್ಮಿ ನಿನಗೆ ಹೇಳಿದ್ದು: "ಅಂಬ್ರೀನ್‌ಕೂ ಅಬ್ಬೀಚ್ ನಕ್ಕೋ ಬೋಲ್." ಈಗಲೇ ಅವಳಿಗೆ, ಎಂದರೆ ನನಗೆ, ಹೇಳಬೇಡ, ಐದು ತಿಂಗಳು ಕಳೆಯಲಿ. ನಮ್ಮಲ್ಲಿ ಐದು ತಿಂಗಳು ಯಾರಿಂದ ಮುಚ್ಚಿಡುತ್ತಾರೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಕಣ್ಣು ತಾಗುವವರಿಂದ. ಆ ಆರು ಸೆಕೆಂಡನ್ನು ಎಷ್ಟು ಸಲ ಹಿಂದೆ ಎಳೆದು ಕೇಳಿದೆನೋ. ನನ್ನ ಕಣ್ಣಿಗೆ ಹೆದರಿ ಹೇಳಿದಳೋ, ನನಗೆ ನೋವಾಗುತ್ತದೆ ಎಂದು ಹೇಳಿದಳೋ, ಅವಳ ದನಿಯಲ್ಲಿ ತಿಳಿಯಲಿಲ್ಲ. ಕದ್ದು ಕೇಳಿದವಳು ಅರ್ಥ ಏನು ಎಂದು ಯಾರನ್ನು ಕೇಳಬೇಕು?

ಇದು ನನ್ನ ಮನೆಯವರಿಗೆ, ನಿನ್ನ ದುಲ್ಹಾಭಾಯಿಗೆ, ಗೊತ್ತಾದ ರೀತಿ ಇನ್ನೊಂದು ನಾಚಿಕೆ. ಮೂವತ್ತೊಂಬತ್ತರ ಬಸುರಿಗೆ ಬಿಪಿ ಇದ್ದರೆ ಏನಾಗುತ್ತದೆ ಎಂದು ನಾನು ಇಂಟರ್‌ನೆಟ್ಟಿನಲ್ಲಿ ನಾಲ್ಕಾರು ಸಲ ಹುಡುಕಿದೆ. ಕಾಳಜಿಯಿಂದಲೋ ಕೆಟ್ಟದ್ದು ಏನಾದರೂ ಸಿಗುತ್ತದೆಂದೋ ಎಂದು ಕೇಳಬೇಡ. ನಮ್ಮ ಮನೆಯ ಫೋನು, ಟೀವಿ ಎಲ್ಲಕ್ಕೂ ಒಂದೇ ಅಕೌಂಟು, ಪಾಸ್‌ವರ್ಡ್ ಮರೆಯುತ್ತದೆ ಎಂದು ನಾನೇ ಮಾಡಿಟ್ಟದ್ದು. ವಸೀಂ ಅಂಗಡಿಯಲ್ಲಿ ಗೇರ್ ಬಾಕ್ಸ್ ಬಿಚ್ಚುವ ವಿಡಿಯೋ ನೋಡುತ್ತಿದ್ದರೆ ನಡುವೆ ತೊಟ್ಟಿಲು, ಬಸುರಿಯರ ಉಡುಪು, ಮಗುವಿನ ಟೋಪಿಯ ಜಾಹೀರಾತು. ಅವರು ನನ್ನನ್ನು ಏನೂ ಕೇಳಲಿಲ್ಲ. ಒಂದು ಸಂಜೆ ದಾಳಿಂಬೆ ತಂದರು. ಮರುದಿನ ಪಾತ್ರೆ ತೊಳೆದರು. ಮೂರನೆಯ ದಿನ ನನ್ನ ಕೈಯಿಂದ ನೀರಿನ ಬಿಂದಿಗೆ ತೆಗೆದುಕೊಂಡು, ನನ್ನ ಮುಖ ನೋಡದೆ, "ಡಾಕ್ಟರ್ ಹತ್ರ ಯಾವಾಗ ಹೋಗೋಣ?" ಎಂದರು. ಐವತ್ತರ ಹತ್ತಿರದ ಮನುಷ್ಯ, ದನಿ ಹುಡುಗನದ್ದಾಗಿತ್ತು. ಎಲ್ಲ ಹೇಳಿದೆ, ಹೇಳದೆ ವಿಧಿಯಿರಲಿಲ್ಲ. ಬಿಂದಿಗೆ ಕೆಳಗಿಟ್ಟು, "ನಿನ್ನ ಪಾಠ ಕೇಳೋ ಮಕ್ಕಳು ಪುಣ್ಯವಂತರು ಮಾರಾಯ್ತಿ" ಎಂದರು. ಆಮೇಲೆ ದಾಳಿಂಬೆಯನ್ನು ತಾವೇ ಬಿಡಿಸಿ ಅರ್ಧ ನನಗೆ ಕೊಟ್ಟರು. "ನಮ್ಮ ಹತ್ರ ಕದಿಯೋಕೆ ಏನಿದೆ" ಎಂದು ಯಾವಾಗಲೂ ಹೇಳುತ್ತಿದ್ದವರು, ಆವತ್ತು ಅದನ್ನು ಹೇಳಲಿಲ್ಲ.

ಕಾಲೇಜಿಗೆ ಹೊಸ ಡೇಟಾ ಕಾನೂನಿನ ಬಗ್ಗೆ ಮಾತಾಡಲು ವಕೀಲ ಶಿವಮೂರ್ತಪ್ಪನವರು ಬಂದಿದ್ದರು. ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ, ಯಾರದೋ ಮನೆಯ ಕಥೆ ಎನ್ನುವಂತೆ ಕೇಳಿದೆ: ಮಗಳೊಬ್ಬಳು ತಾಯಿಗೆ ಗೊತ್ತಿಲ್ಲದೆ ಅವಳ ಫೋನನ್ನು ನೋಡುತ್ತಿದ್ದರೆ? "ಮನೆಯೊಳಗಿನ ಸ್ವಂತ ವ್ಯವಹಾರಕ್ಕೆ ಈ ಕಾನೂನು ಬರಲ್ಲ ಮೇಡಂ. ಬೇರೆಯವರ ಫೋನಿಗೆ ಕೇಳದೆ ನುಗ್ಗೋದಕ್ಕೆ ಬೇರೆ ಕಾನೂನಿದೆ, ಆದ್ರೆ ಯಾವ ತಾಯಿ ಮಗಳ ಮೇಲೆ ಕಂಪ್ಲೇಂಟ್ ಕೊಡ್ತಾಳೆ?" ಎಂದು ನಕ್ಕರು. ನನಗೆ ಹಗುರ ಆಗಬೇಕಿತ್ತು. ಆಗಲಿಲ್ಲ. ಅಪರಿಚಿತ ಕಂಪನಿಯೊಂದು ಅಮ್ಮಿಯ ಹೆಸರನ್ನು ಮಾರಿಕೊಂಡರೆ ದಂಡ ಇದೆ, ನಾನು ಮಾಡಿದ್ದಕ್ಕೆ ಅಮ್ಮಿಯ ಕ್ಷಮೆ ಬಿಟ್ಟರೆ ಬೇರೇನೂ ಇಲ್ಲ. ದಂಡವೇ ವಾಸಿಯಿತ್ತು.

ಮನೆಗೆ ಬಂದವಳೇ ಲ್ಯಾಪ್‌ಟಾಪಿನಿಂದ ಅಮ್ಮಿಯ ವಾಟ್ಸಾಪನ್ನು ತೆಗೆದುಹಾಕಿದೆ. ಹತ್ತು ದಿನವಾಯಿತು. ಮೊದಲ ಎರಡು ದಿನ ಕೈ ತಾನೇ ಅಲ್ಲಿಗೆ ಹೋಗುತ್ತಿತ್ತು. ನೀವಿಬ್ಬರೂ ಈಗ ಏನು ಮಾತಾಡುತ್ತಿದ್ದೀರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಈಗಲೂ ಉರಿಯುತ್ತದೆ, ಅದು ಅಷ್ಟು ಬೇಗ ಹೋಗುವಂತೆ ಕಾಣುವುದಿಲ್ಲ.

ಅಮ್ಮಿಯ ವಿಷಯ. ಅವಳಿಗೆ ಮರೆವು ಹತ್ತಿದೆ ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಾಳೆ. ನೀನು ಅಂಥ ಸುದ್ದಿ ಹೇಳಿದಾಗ ಎರಡು ದಿನ ಉತ್ತರಿಸದೆ ಕೂತಿದ್ದಳಲ್ಲ, "ಕೇಳಿಯೂ ಸುಮ್ಮನಿದ್ದೀಯಾ ಅಮ್ಮಿ, ನಾನು ಅಷ್ಟು ತಪ್ಪು ಮಾಡಿದೀನಾ" ಎಂದು ನೀನು ಬಿಕ್ಕಿದೆಯಲ್ಲ, ಅಲ್ಲಿಂದ ಶುರು. ಯಾವ ಸುದ್ದಿ ಎಂದು ನನಗೆ ಹೇಳದೆ, "ನಿನ್ನ ತಂಗಿ ಹೇಳಿದ್ದು ತಲೆಯಿಂದ ಪೂರ್ತಿ ಒರೆಸಿಹೋಗಿತ್ತು ಬೇಟಾ" ಎಂದಳು. ಈಗ ಉಪ್ಪು ಹಾಕಿದ ಮೇಲೆ ಪಾತ್ರೆಯ ಪಕ್ಕ ಚಮಚ ಮಗುಚಿ ಇಡುತ್ತಾಳಂತೆ, ಮತ್ತೆ ಹಾಕದಿರಲು. ಮುಂದಿನ ವಾರ ಗುರುವಾರ ಶಿವಮೊಗ್ಗದಲ್ಲಿ ನರದ ಡಾಕ್ಟರಿಗೆ ತೋರಿಸಬೇಕಂತೆ, ಓಟಿಪಿ ಇಲ್ಲದೆ ನನಗೆ ಫೋನ್ ಮಾಡಿದ್ದು ಅದಕ್ಕೇ. ಹೆದರಿದ್ದಾಳೆ. ನೀನೂ ಆ ಎರಡು ದಿನವನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯ ಎಂದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಈಗ ಹೇಳಬೇಕಾಗಿಲ್ಲ.

ಅಲ್ಲಾಹ್ ನಿನ್ನನ್ನೂ ಬರುವ ಜೀವವನ್ನೂ ಕಾಪಾಡಲಿ. ಈ ದುವಾ ಹೊಟ್ಟೆಕಿಚ್ಚಿನ ಜೊತೆಗೇ ಹೊರಟಿದೆ, ಅವನು ಬೇರ್ಪಡಿಸಿ ತೆಗೆದುಕೊಳ್ಳುತ್ತಾನೆಂದು ನಂಬಿದ್ದೇನೆ. ಜಮ್ಶೀದನಿಗೆ ನಮ್ಮಿಬ್ಬರ ಸಲಾಂ. ಮಗಳ ಪರೀಕ್ಷೆಗೆ ಒಳ್ಳೆಯದಾಗಲಿ, ಲೆಕ್ಕದಲ್ಲಿ ತೊಡಕಾದರೆ ನನ್ನನ್ನು ಕೇಳಲಿ.

ನಿನ್ನ ಆಪಾ,
ಅಂಬ್ರೀನ್

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಯಾವಾಗಲೂ ಅಮ್ಮಿ ಕೇಳಿದ ಮೇಲೆಯೇ ಕೇಳುತ್ತಿದ್ದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಒಂದು ಸಲ ಕಾಯಲಾಗಲಿಲ್ಲ. ಬಸಿರಿನ ಸುದ್ದಿಯ ನಿನ್ನ ಆ ನಾಲ್ಕು ನಿಮಿಷದ ಸಂದೇಶವನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಅಮ್ಮಿಗಿಂತ ಮೊದಲು ನಾನು ಕೇಳಿದೆ. ಗುರುತು ನೀಲಿಯಾಯಿತು. ಅಮ್ಮಿ ನೀಲಿ ನೋಡಿ, ನಾನು ಕಲಿಸಿದ ಹಾಗೆ, ಕೇಳಿ ಆಗಿದೆ ಎಂದು ಬಿಟ್ಟಳು. ನಿನಗೂ ಅಲ್ಲಿ ನೀಲಿ ಕಂಡಿತು. ಅವಳು ಸುಮ್ಮನಿರಲಿಲ್ಲ ಅತ್ತೂ, ಅವಳಿಗೆ ಗೊತ್ತೇ ಇರಲಿಲ್ಲ. ನಿಮ್ಮಿಬ್ಬರಿಗೂ ಮಾತು ಬಿಟ್ಟುಹೋದ ಆ ಎರಡು ದಿನ ಯಾಕೆಂದು ತಿಳಿದಿದ್ದವಳು ನಾನೊಬ್ಬಳೇ, ಮತ್ತು ನನಗೆ ಖುಷಿಯಾಗಿತ್ತು. ಅವಳ ತಲೆ ಸರಿಯಾಗಿದೆ, ಡಾಕ್ಟರು ಬೇಡ. ಬುಧವಾರ ರಜೆ ಹಾಕಿ ಭದ್ರಾವತಿಗೆ ಹೋಗಿ ನಾನೇ ಹೇಳುತ್ತೇನೆ. ನೀನು ಅವಳಿಗೆ ಕಳಿಸುವುದನ್ನು ನಿಲ್ಲಿಸಬೇಡ. ಉದ್ದುದ್ದ ಕಳಿಸು. ಅವಳೊಬ್ಬಳೇ ಕೇಳುತ್ತಾಳೆ.