ಮಕ್ಕಳಿಗೆ ಎಲೆ ಕೊಡುವುದಿಲ್ಲ, ಮಾಲತೇಶ

ಮಾಲತೇಶನಿಗೆ, ಹಾನಗಲ್ಲಿನಿಂದ ಭಾಗ್ಯಶ್ರೀಯ ನಮಸ್ಕಾರ.

ನೀನೀಗ ಪಕ್ಷದ ವಕ್ತಾರ. ದಿನಾ ಸಂಜೆ ಟೀವಿಯಲ್ಲಿ ಸಿಗುತ್ತೀ, ಫೋನಿಗೆ ಮಾತ್ರ ಸಿಗುವುದಿಲ್ಲ. ಅದಕ್ಕೇ ಈ ಕಾಗದ.

ಶಿಗ್ಗಾವಿಯ ನಿಶ್ಚಯದ ಊಟದ ಬಗ್ಗೆ ಹೋದ ವಾರ ನೀನು ಆಡಿದ್ದನ್ನು ಕೇಳಿದೆ. "ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಮೇಲೆಯೇ ವಾಂತಿ ಶುರುವಾಗಿದೆ. ಸವಣೂರಿನ ಎಲೆಗೆ ಏನೋ ಬೆರೆಸಿದ್ದಾರೆ ಎನ್ನಲು ಇನ್ನೇನು ಸಾಕ್ಷಿ ಬೇಕು?" ಎಂದೆ ನೀನು. ನಿರೂಪಕ ಮೇಜು ಗುದ್ದಿ, ಬೆರೆಸಿದವರು ಯಾರು ಎಂದು ಕೇಳಿದ. ಬೆರೆಸಿದ್ದಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಊಟವಾದ ಮೇಲೆ ಹಾನಗಲ್ಲಿನ ಬಸ್ಸೂ ಬಂದಿತ್ತು, ಮಹಾರಾಯ. ಹಾಗಾದರೆ ಅದರ ಮೇಲೂ ತಪ್ಪು ಹೊರಿಸಬೇಕಿತ್ತು.

ನಾನು ಆ ಊಟದಲ್ಲಿದ್ದೆ. ಹುಡುಗಿ ನನ್ನ ಅಕ್ಕನ ಮಗಳು. ಎಲೆ ಅಡಿಕೆಯ ತಟ್ಟೆ ಹಿಡಿದು ಪಂಕ್ತಿ ತಿರುಗಿದವಳು ನಾನೇ. ದೊಡ್ಡವರೆಲ್ಲ ಹಾಕಿಕೊಂಡರು, ಕೆಲವರು ಮತ್ತೆ ಕರೆದು ಇಸಿದುಕೊಂಡರು. ಅವರಲ್ಲಿ ಒಬ್ಬರಿಗೂ ಹೊಟ್ಟೆ ತೊಳಸಲಿಲ್ಲ. ದವಾಖಾನೆ ಸೇರಿದವರೆಲ್ಲ ಸಣ್ಣ ಮಕ್ಕಳು. ನಮ್ಮ ಕಡೆ ಮಕ್ಕಳಿಗೆ ಎಲೆ ಕೊಡುತ್ತಾರೇನು? ಒಂದು ಹುಡುಗಿ ತಟ್ಟೆಗೆ ಕೈ ಹಾಕಿದ್ದಕ್ಕೆ ನಮ್ಮ ಅನ್ನವ್ವ ಅತ್ತೆ ಕೈಮೇಲೆ ಹೊಡೆದು, "ಬ್ಯಾಡ, ನಾಲಿಗಿ ದಪ್ಪ ಆಗ್ತೈತಿ, ಸಾಲ್ಯಾಗ ಮಗ್ಗಿ ಹೇಳಾಕ ಬರೂದಿಲ್ಲ" ಅಂದರು. ನಿನ್ನ ಅವ್ವನೂ ನಿನ್ನನ್ನು ಹೀಗೇ ಹೆದರಿಸಿ ಬೆಳೆಸಿದವಳು. ಮಕ್ಕಳು ಏನು ತಿಂದು ಹಾಸಿಗೆ ಹಿಡಿದರೋ ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವ ಮಾತು ನಿಮ್ಮ ಟೀವಿಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ.

ನೀನು ಟೀವಿಯಲ್ಲಿ ಹಾಗೆ ಆಡಿದ ರಾತ್ರಿಯೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅದೊಂದು ಸಲ ನೀನು ಎತ್ತಿದೆ. "ನೀ ಅನ್ನೂದು ಖರೇ ಐತಿ ಭಾಗ್ಯಾ. ಆದರ ಅಲ್ಲಿ ಎರಡು ನಿಮಿಷ ಕೊಡ್ತಾರ. ಅಷ್ಟರಾಗ ವಿಚಾರ ಯಾರು ಮಾಡ್ತಾರ?" ಎಂದು ನೀನು ನಕ್ಕೆ. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಎದುರು ಕುರ್ಚಿಯಲ್ಲಿ ಕೂತು, ನನ್ನ ವಾದವನ್ನು ನನಗಿಂತ ಚೆಂದವಾಗಿ ನೀನೇ ಹೇಳಿ, "ಇಷ್ಟ ಹೌದಲ್ಲ?" ಎಂದು ನನ್ನನ್ನೇ ಕೇಳಿ, ನಾನು ಹೂಂ ಅಂದ ಮೇಲೆ ಅದನ್ನು ಮುರಿಯುತ್ತಿದ್ದವ ನೀನು. ನಿನ್ನ ಕೈಲಿ ಸೋತ ದಿನವೂ ನಾನು ಖುಷಿಯಿಂದ ಮನೆಗೆ ಬರುತ್ತಿದ್ದೆ.

ನಿನ್ನೆ ಸವಣೂರಿಗೆ ಹೋಗಿದ್ದೆ. ಆ ಊಟಕ್ಕೆ ಎಲೆ ಕೊಟ್ಟವಳು ಅಲ್ಲಿಯ ಸಂತೆಪೇಟೆಯ ಗುಲ್ನಾರ. ಅವಳ ಬುಟ್ಟಿಗಳಲ್ಲಿ ಎಲೆ ಹಳದಿಯಾಗಿ ಬಾಡಿ ಬಿದ್ದಿತ್ತು. ಕೊಳ್ಳುವವರಿಲ್ಲ. ನಿನ್ನ ಮೇಲೆ ಸಿಟ್ಟೂ ಮಾಡಲಿಲ್ಲ ಅವಳು. "ಟೀವ್ಯಾಗ ಬಂದಿದ್ರಲ್ರಿ, ಅವರು ನಿಮ್ಮ ದೋಸ್ತ ಅಂತ ಕೇಳೇನಿ. ಅವರು ಒಂದು ಮಾತು ಅಂದ್ರ ಮಂದಿ ಮತ್ತ ಬರ್ತಾರ್ರಿ. ನೀವರ ಹೇಳ್ರಿ" ಅಂದಳು. ಹೇಳುತ್ತೇನೆ ಎಂದು ಮಾತು ಕೊಟ್ಟು, ಒಂದು ಕಟ್ಟು ಎಲೆ ತಂದೆ.

ನಮ್ಮ ಮನೆಯಲ್ಲೇ ಅದನ್ನು ಯಾರೂ ಮುಟ್ಟಲಿಲ್ಲ. ನಮ್ಮೆಜಮಾನರು, "ನೀ ಹೇಳೂದು ಖರೇ ಇರಬಹುದು. ಆದರ ಟೀವ್ಯಾಗ ಅಷ್ಟು ಮಂದಿ ಕೂಡಿ ಸುಳ್ಳ ಹೇಳ್ತಾರೇನ?" ಎಂದು ತಟ್ಟೆ ಆಚೆ ಸರಿಸಿದರು. ಊಟವಾದ ಮೇಲೆ ಅಡುಗೆಮನೆಯಲ್ಲಿ ನಾನೊಬ್ಬಳೇ ಎಲೆ ಹಾಕಿಕೊಂಡು ಕೂತೆ. ಇಷ್ಟು ದೊಡ್ಡ ಊರಿನಲ್ಲಿ ಇಂಥ ಒಂಟಿತನ ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಎಲೆ ತಿನ್ನದ ಮಕ್ಕಳಿಗೆ ಎಲೆಯಿಂದ ಕಾಯಿಲೆ ಬರಲಿಲ್ಲ, ನಾನು ತಪ್ಪು ಹೇಳಿದೆ" ಎಂದು ನೀನು ಹೇಳಲು ಎರಡು ನಿಮಿಷ ಹೆಚ್ಚೇ ಆಯಿತು. ಗುಲ್ನಾರಳಿಗಾಗಿ ಅಷ್ಟು ಹೇಳು. ಇಲ್ಲ, ನನ್ನ ಮಾತಿನಲ್ಲೇ ಎಲ್ಲೋ ಹುಳುಕಿದೆ ಅನ್ನಿಸಿದರೆ ಹಾನಗಲ್ಲಿಗೆ ಬಂದು ತೋರಿಸು. ಸೋಲಲು ನನಗೆ ಬೇಸರವಿಲ್ಲ. ಒಬ್ಬಳೇ ಗೆದ್ದು ಕೂತು ಸಾಕಾಗಿದೆ, ಮಾಲತೇಶ.

ನಿನ್ನ ದನಿ ಗಟ್ಟಿಯಾಗಿರಲಿ, ಅದು ನಿನ್ನದೇ ಆಗಿರಲಿ.

ನಿನ್ನ ಎದುರು ಕುರ್ಚಿಯ,
ಭಾಗ್ಯಶ್ರೀ