ಬರಿಗೈಯ ಪಾಠ

ತರಬೇತಿ ಶಾಲೆಯ ಹಿಂಬದಿ ಕೋಣೆ,
ಗುರುವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಈಗ ನೆಲದ ಮೇಲೆ ಕೂರುವ ಕೆಲಸವಿಲ್ಲ, ಕಂಪನಿಯ ಕಚೇರಿಯಲ್ಲಿ ಕುರ್ಚಿ ಸಿಕ್ಕಿದೆ, ಕಡಿಮೆಯಾಗಿರಬೇಕು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಇಷ್ಟನ್ನು ಹಲ್ಲು ಕಚ್ಚಿ ಸಮಾಧಾನದಿಂದ ಬರೆದೆ. ಇನ್ನು ಆಗುವುದಿಲ್ಲ, ಮೈಯೆಲ್ಲ ಉರಿಯುತ್ತಿದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಗಿಡದೆಣ್ಣೆಯ ಅಂಟಿನಲ್ಲಿ ಕಲ್ಲುಚೂರು ಕೂರಿಸುವ ಟೆರಾಝೊ ನೆಲ ಹಾಕುವುದು ಹೇಗೆಂದು ನೀನು ಮಾಡಿದ ವಿಡಿಯೊವನ್ನು ನಾನು ಕಲಿಸುವ ಪ್ರತಿ ಹೊಸ ತಂಡಕ್ಕೂ ತೋರಿಸಬೇಕೆಂದು ಕಂಪನಿಯ ಅಪ್ಪಣೆ. ತೋರಿಸಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬರಿಗೈಯಲ್ಲಿ ಅಂಟನ್ನೂ ಕಲ್ಲುಚೂರನ್ನೂ ಕಲಸಿ, "ಗಿಡದಿಂದ ಬಂದದ್ದು, ಮಗುವಿನ ಕೆನ್ನೆಗೂ ಹಚ್ಚಬಹುದು" ಎಂದು ನಗುತ್ತೀಯಲ್ಲ ಮಹಾರಾಯ! ನನಗೆ ಈ ಕೆಲಸ ಕಲಿಸುವಾಗ ಕೈಗವಸಿಲ್ಲದೆ ಬಕೆಟ್ ಮುಟ್ಟಿದ್ದಕ್ಕೆ ಕರಣೆಯ ಹಿಡಿಯಿಂದ ಮೊಣಕೈಗೆ ಕುಟ್ಟಿದವನು ನೀನೇ ಅಲ್ಲವೇ? ಎಣ್ಣೆ ಗಿಡದ್ದಿರಬಹುದು, ಗಟ್ಟಿಯಾಗಲೆಂದು ಬೆರೆಸುವ ದ್ರವ ಯಾವ ಗಿಡದಲ್ಲೂ ಬೆಳೆಯುವುದಿಲ್ಲ ಎಂದವನೂ ನೀನೇ. ನಾನು ಅದನ್ನೇ ಹೇಳಿ ಗವಸು ಹಂಚಿದೆ. ಆದರೆ ಶೆಡ್ಡಿನ ಸೆಕೆಗೆ ಕೈ ಬೆವರುತ್ತದೆ. ನಾನು ಬೆನ್ನು ತಿರುಗಿಸಿದರೆ ಗವಸು ಮೂಲೆಗೆ. ಗಂಟಲು ಹರಿದುಕೊಳ್ಳುವ ನಾನೆಲ್ಲಿ, ಗೋಡೆಯಷ್ಟು ದೊಡ್ಡದಾಗಿ ನಗುವ ನೀನೆಲ್ಲಿ?

ತಂಡದಲ್ಲಿ ಮೊದಲು ಬಟ್ಟೆ ಹೊಲಿಯುತ್ತಿದ್ದ ಒಬ್ಬಳಿದ್ದಳು, ಎಲ್ಲರೂ ಸೂಜಿ ಎನ್ನುತ್ತಿದ್ದರು. ಬಣ್ಣಗಳ ನಡುವಿನ ಹಿತ್ತಾಳೆ ಪಟ್ಟಿಯನ್ನು ಬರೀ ಕಣ್ಣಳತೆಯಲ್ಲಿ ನೇರ ಕೂರಿಸುವವಳು. ಬೆರಳ ಸಂದಿನಲ್ಲಿ ಗುಳ್ಳೆ ಎದ್ದರೂ ಬಟ್ಟೆ ಸುತ್ತಿಕೊಂಡು ಬಚ್ಚಿಟ್ಟಿದ್ದಾಳೆ. ಕಣ್ಣುರೆಪ್ಪೆ ಊದಿಸಿಕೊಂಡು ಎದುರು ನಿಂತಾಗಲೇ ನನಗೆ ಗೊತ್ತಾದದ್ದು. "ಗವಸು ಯಾಕೆ ತೆಗ್ದೆ?" ಎಂದು ಕಿರುಚಿದೆ. "ನಿಮ್ಮಣ್ಣನೇ ಬರಿಗೈ ಹಾಕಿದ್ರಲ್ಲಕ್ಕಾ," ಎಂದಳು. ಅವಳನ್ನು ಎಳೆದುಕೊಂಡು ಆಸ್ಪತ್ರೆಗೆ ಓಡಿದೆ.

ಇನ್ನು ಅವಳ ಮೈ ಈ ಅಂಟನ್ನು ಎಂದೂ ತಾಳುವುದಿಲ್ಲ, ಕೆಲಸ ಬಿಡಲೇಬೇಕು ಎಂದು ವೈದ್ಯರು ಹೇಳಿದರು. ಮೇಲ್ವಿಚಾರಕ ಮಾತ್ರ, "ಗಿಡದ್ದಲ್ವಾ, ಅದ್ರಿಂದ ಹೇಗಾಗತ್ತೆ? ಯಾವ್ದೋ ಸೋಪು ಒಗ್ಗಿಲ್ಲ ಅನ್ಸತ್ತೆ" ಎಂದ. ಬಕೆಟ್ ಅವನ ಕಾಲಬುಡಕ್ಕೆ ತಳ್ಳಿ, "ಹಾಗಿದ್ರೆ ಕೈ ಹಾಕಿ ಸಾರ್" ಎಂದೆ. ಎರಡೂ ಕೈ ಜೇಬಿಗೆ ಹೋದವು. ಅಲ್ಲೇ ನಿನ್ನ ವಿಡಿಯೊ ತೋರಿಸುವ ಪರದೆಯ ವೈರ್ ಕಿತ್ತೆ, ತರಗತಿ ನಿಲ್ಲಿಸಿದೆ. ಎಲ್ಲರಿಗೂ ಉದ್ದ ಗವಸು ಬರುವ ತನಕ ಇಲ್ಲಿ ಒಂದು ಹಿಡಿ ಕಲ್ಲೂ ಕಲಸುವುದಿಲ್ಲ. ನನ್ನನ್ನು ತೆಗೆದುಹಾಕುವುದಾದರೆ ಹಾಕಲಿ.

ಹೊರಡುವಾಗ ಸೂಜಿ ತಾನು ಹಾಸಿದ ನೆಲದ ತುಂಡಿನ ಪಕ್ಕ ಕುಳಿತಳು. ಒಣಗಿ ಹೊಳಪು ಬಂದಿತ್ತು, ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಆದರೂ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅದನ್ನು ನೀನು ನೋಡಬೇಕಿತ್ತು. ಬಂದು ಅವಳ ಬಾಗಿಲಲ್ಲಿ ನಿಂತು, ಯಾಕೆ ಹಾಗೆ ಹೇಳಿದೆ ಎಂದು ನೀನೇ ಹೇಳು.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಊಟ ಬಿಡಬೇಡ.

ಸಿಟ್ಟಿನಲ್ಲೂ ನಿನ್ನವಳೇ ಆದ,
ತಂಗಿ

ಮರೆಯುವ ಮುಂಚೆ: ಅಮ್ಮನೂ ಈ ಕೆಲಸ ಕಲಿಯುತ್ತಾಳಂತೆ. ನಾನು ಸೇರಿಸಿಕೊಳ್ಳಲಿಲ್ಲವೆಂದು ಕಂಪನಿಯ ಇನ್ನೊಂದು ಶಾಲೆಗೆ ಹೆಸರು ಕೊಟ್ಟು ಬಂದಿದ್ದಾಳೆ, ಸೋಮವಾರ ಶುರು. ಗವಸು ಕೊಟ್ಟರೆ, "ನನ್ ಮಗ ಸುಳ್ಳು ಹೇಳ್ತಾನಾ?" ಎಂದು ಎಸೆದಳು. "ಹೌದು, ಹೇಳಿದ್ದೀನಿ" ಎಂದು ಅವಳಿಗೆ ನೀನೇ ಹೇಳು. ಸೋಮವಾರಕ್ಕೆ ಮುಂಚೆ.